ಸ್ತ್ರೀಸಂವಾದಗಳಲ್ಲಿ ‘ಕೇಳು’ ಶಬ್ದದ ಅರ್ಥವಿಚಾರ

ಕಾವ್ಯದ ಪ್ರಯೋಜನಗಳನ್ನು ಎಣಿಸುವಲ್ಲಿ ಮಮ್ಮಟಾಚಾರ್ಯನು ಕಾವ್ಯೋಪದೇಶವನ್ನು ಕಾಂತಾಸಮ್ಮಿತವೆಂದು ವಿಶೇಷಿಸಿರುವುದು ಅಲಂಕಾರಶಾಸ್ತ್ರವನ್ನು ಓದಿದವರೆಲ್ಲರಿಗೂ ವಿದಿತವಾದ ಸಂಗತಿ. ವೇದವು ಒಡೆಯನಂತೆ ಆಜ್ಞಾಪಿಸುವುದು. ಪುರಾಣೇತಿಹಾಸಗಳು ಗೆಳೆಯನಂತೆ ತಿಳಿಯಹೇಳುವುವು. ಕಾವ್ಯವು ಕಾಂತೆಯಂತೆ ಮನಸ್ಸನ್ನು ಒಲಿಸಿಕೊಂಡು ಹಿತದಲ್ಲಿ ತೊಡಗಿಸುವುದು. ಈ ಮೂರನೆಯ ಉಪಮೆಯಲ್ಲಿ ಹೇಳುವವಳು ಹೆಂಗಸು, ಕೇಳುವವನು ಗಂಡಸು. ಹೆಂಗಸು ಹೆಂಗಸಿಗೇ ಹಿತವನ್ನು ಹೇಳುವಾಗ ಆ ಮಾತು ಯಾವುದಕ್ಕೆ ಸಮ್ಮಿತವಾದುದು? ಈ ಪ್ರಶ್ನೆಗೆ ಆ ವಿಭಾಗದಲ್ಲಿ ಉತ್ತರವಿಲ್ಲ. ಕನ್ನಡದಲ್ಲಿಯಾದರೋ ಇಂತಹ ಮಾತಿನ ಪರಂಪರೆಯೊಂದು ಹದಿನೇಳನೆಯ ಶತಮಾನದಿಂದ ಇಂದಿನವರೆಗೆ ಹರಿದುಬಂದಿದೆ. ಅದರ ಗುಣದೋಷಗಳನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ವಿವೇಚನೆಗೆ ಒಂದು ಒರೆಗಲ್ಲು ಬೇಕಷ್ಟೆ. ಅದನ್ನು ಹೊರಗೆ ಹುಡುಕಬೇಕಾಗಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭಿಕ್ಷುಕಿಯಾದ ಸುಲಭೆಯು ಜನಕರಾಜನ ಸಭೆಯಲ್ಲಿ ವಾಕ್ಯಲಕ್ಷಣವನ್ನು ನಿರೂಪಿಸಿರುವಳು. ಸೌಕ್ಷ್ಮ್ಯ, ಸಂಖ್ಯೆ, ಕ್ರಮ, ನಿರ್ಣಯ, ಪ್ರಯೋಜನ ಎಂಬ ಐದು ಅಂಗಗಳು ಕೂಡಿದರೆ ವಾಕ್ಯವೆನಿಸುವುದೆಂದು ಆಕೆಯ ಮತ. ಇದಕ್ಕಿಂತಲೂ ಗಮನಾರ್ಹವಾದುದು ಆಕೆ ಮುಂದೆ ಹೇಳುವ ಮಾತು. ಹೇಳುವವನು, ಕೇಳುವವನು, ವಾಕ್ಯ ಈ ಮೂರೂ ನ್ಯೂನತೆಯಿಲ್ಲದೆ ಸಮವಾಗಿ ಸೇರಿದಾಗಲೇ ಅರ್ಥವು ಬೆಳಗುವುದು. ವಕ್ತೃವು ಶ್ರೋತೃವನ್ನು ಅಲಕ್ಷಿಸಿ ತನ್ನ ಅರ್ಥವನ್ನೇ ನುಡಿದರೆ ಆ ಮಾತು ನೆಲೆಗೊಳ್ಳದು. ರಾಜನು ಕುಲಗೋತ್ರಗಳನ್ನೆತ್ತಿ ಆಕ್ಷೇಪಿಸಿದಾಗ ಒಬ್ಬ ಸ್ತ್ರೀಯು ಕೊಟ್ಟ ಉತ್ತರದಲ್ಲಿ ಈ ಲಕ್ಷಣವು ಬಂದಿರುವುದು ಆಕಸ್ಮಿಕವಲ್ಲ. ಮಾತಿನಲ್ಲಿ ಸಮತ್ವವಿಲ್ಲದೆ ಅರ್ಥವಿಲ್ಲವೆಂಬುದನ್ನು, ಅಸಮವಾದ ಮಾತನ್ನು ಕೇಳಿಸಿಕೊಂಡವರೇ ಚೆನ್ನಾಗಿ ಬಲ್ಲರು.

ಹೆಂಗಸರಿಬ್ಬರ ಸಂವಾದಕ್ಕೆ ಅದೇ ಮಹಾಭಾರತದ ವನಪರ್ವದಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ. ಪತಿಗಳನ್ನು ಯಾವ ಮಂತ್ರದಿಂದ, ಯಾವ ಮೂಲಿಕೆಯಿಂದ ವಶದಲ್ಲಿಟ್ಟುಕೊಂಡಿರುವೆಯೆಂದು ಸತ್ಯಭಾಮೆಯು ದ್ರೌಪದಿಯನ್ನು ಕೇಳುವಳು. ಮದ್ದಿಕ್ಕುವುದರಿಂದ ಗಂಡಸರಿಗೆ ಜಲೋದರ, ಕುಷ್ಠ ಮುಂತಾದ ರೋಗಗಳು ಬರುವುವೆಂದು ಎಚ್ಚರಿಸಿ, ದ್ರೌಪದಿಯು ತನ್ನ ದಿನಚರಿಯನ್ನೂ, ದಾಸದಾಸಿಯರ ಮೇಲ್ವಿಚಾರಣೆಯನ್ನೂ, ಪಾಂಡವರ ಬೊಕ್ಕಸದ ಆಯವ್ಯಯಗಳನ್ನು ತಾನೊಬ್ಬಳೇ ಬಲ್ಲೆನೆಂಬುದನ್ನೂ ವಿವರಿಸುವಳು. ಆರೋಗ್ಯ, ಕೆಲಸ ಎರಡೂ ಇಲ್ಲಿ ಪ್ರಸ್ತಾಪಕ್ಕೆ ಬಂದಿವೆ. ಆದರೆ ಆರೋಗ್ಯವು ಗಂಡನದು, ಕೆಲಸವು ಮನೆಯದು. ಎಲ್ಲರಿಗಿಂತ ಮೊದಲೆದ್ದು ಎಲ್ಲರ ತರುವಾಯ ಮಲಗುವವಳ ಶರೀರಕ್ಕೆ ಏನಾಯಿತೆಂದು ಸತ್ಯಭಾಮೆ ಕೇಳಲಿಲ್ಲ, ದ್ರೌಪದಿ ಹೇಳಲಿಲ್ಲ. ಕೇಳದೆ ಉಳಿದ ಈ ಒಂದು ಪ್ರಶ್ನೆಯನ್ನು ಕನ್ನಡದ ಲೇಖಕಿಯರು ಯಾವಾಗ ಹೇಗೆ ಎತ್ತಿಕೊಂಡರೆಂಬುದೇ ಇಲ್ಲಿಯ ವಿಚಾರದ ತಿರುಳು.

ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು ಸಾಂಗತ್ಯದಲ್ಲಿ ರಚಿಸಿದ ‘ಹದಿಬದೆಯ ಧರ್ಮ’ವು ಈ ಪರಂಪರೆಯ ಆದಿಗ್ರಂಥಗಳಲ್ಲೊಂದು. ಪತಿವ್ರತೆಯ ಆಚಾರವೇ ಅದರ ವಸ್ತು. ಶಾಸ್ತ್ರಗಳಿಂದ ಬಂದ ಧರ್ಮವನ್ನು ಆಕೆಯು ಮನೆಯ ಮಾತಿಗೆ ಇಳಿಸಿದಳೆಂಬುದು ಸಾಮಾನ್ಯವಾದ ಪ್ರಶಂಸೆ. ಅದು ನಿಜವಾದರೂ ಪೂರ್ಣವಲ್ಲ. ಹೆತ್ತವಳೂ ಸಲಹಿದವಳೂ ಹೆಣ್ಣಾಗಿರುವಾಗ ಹೆಣ್ಣೆಂದು ಹಳಿಯುವುದೇತಕ್ಕೆ ಎಂದು ಆಕೆ ತಿರುಗಿ ಪ್ರಶ್ನಿಸುವ ಎಡೆಯಲ್ಲಿ ಗ್ರಂಥದ ಧ್ವನಿಯೇ ಬೇರೆಯಾಗುವುದು. ಅಲ್ಲಿಯವರೆಗೆ ಶಾಸ್ತ್ರವು ಆಕೆಯ ಬಾಯಿಂದ ಮಾತನಾಡುತ್ತಿತ್ತು. ಅಲ್ಲಿ ಆಕೆಯೇ ಮಾತನಾಡುವಳು. ಸಾಹಿತ್ಯದ ಪಾಠದಲ್ಲಿ ಆ ಭಾಗವೊಂದನ್ನೇ ಕಿತ್ತು ಬೋಧಿಸಿ ಉಳಿದುದನ್ನು ಬಿಡುವುದು ನ್ಯಾಯವಲ್ಲ. ವಿಧೇಯವಾದ ಉಪದೇಶದ ನಡುವೆ ಎದ್ದ ಪ್ರಶ್ನೆಯಾದುದರಿಂದಲೇ ಅದಕ್ಕೆ ತೂಕ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಂಜನಗೂಡು ತಿರುಮಲಾಂಬಾ (1887–1982) ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ತರುವಾಯ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ದೀರ್ಘಕಾಲ ನಡೆಸಿ, 1938ರಲ್ಲಿ ‘ಮಕ್ಕಳ ಕೂಟ’ವನ್ನು ಸ್ಥಾಪಿಸಿದರು. ಬಾಲವೈಧವ್ಯದ ದುಃಖವನ್ನು ಕಂಡ ಈ ಮಹನೀಯರ ಕೈಯಲ್ಲಿ ಸ್ತ್ರೀಸಂವಾದವು ಗ್ರಂಥದಿಂದ ಪತ್ರಿಕೆಗೆ ಬಂದಿತು. ಇದು ಆಕಾರದ ಬದಲಾವಣೆ ಮಾತ್ರವಲ್ಲ. ಗ್ರಂಥಕ್ಕೆ ಓದುಗಳು ಉತ್ತರ ಬರೆಯಲಾರಳು, ಪತ್ರಿಕೆಗೆ ಬರೆಯಬಲ್ಲಳು. ಶ್ರೋತೃವಿಗೆ ಸ್ಥಾನವು ದೊರೆತುದು ಇಲ್ಲಿಂದ ಮುಂದೆ.

ಶರೀರದ ಪ್ರಶ್ನೆಯು ಸ್ಪಷ್ಟವಾದ ಬಾಯಿಮಾತಾಗಿ ಬಂದುದು ಅನುಪಮಾ ನಿರಂಜನ (1934–1991) ಅವರ ಬರಹಗಳಲ್ಲಿ. ತೀರ್ಥಹಳ್ಳಿಯಲ್ಲಿ ಹುಟ್ಟಿ, ವೈದ್ಯಶಾಸ್ತ್ರವನ್ನು ಓದಿ, ವೃತ್ತಿಯಿಂದ ವೈದ್ಯರೂ ಪ್ರವೃತ್ತಿಯಿಂದ ಕಾದಂಬರಿಕಾರರೂ ಆಗಿದ್ದ ಇವರು ‘ತಾಯಿ-ಮಗು’, ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಎಂಬ ಗ್ರಂಥಗಳಲ್ಲಿ ಮೈನೆರೆಯುವ ಹುಡುಗಿಯಿಂದ ಮೊದಲ್ಗೊಂಡು ಬಾಣಂತಿಯವರೆಗೆ ಹೆಣ್ಣಿನ ಆರೋಗ್ಯವನ್ನು ಬೋಧಿಸಿದರು. ಬೆಂಗಳೂರಿನ ದಕ್ಷಿಣಕ್ಕೆ 1948ರಲ್ಲಿ ತಲೆಯೆತ್ತಿದ ಜಯನಗರ, ಅದರಾಚೆ ಬೆಳೆದ ಬನಶಂಕರಿ ಮುಂತಾದ ಬಡಾವಣೆಗಳ ಬಾಳಿಗೆ ಇಂತಹ ಗ್ರಂಥಗಳ ಅಗತ್ಯವು ವಿಶೇಷವಾಗಿದ್ದಿತು. ಕೂಡುಕುಟುಂಬದಿಂದ ಬೇರೆಯಾಗಿ ಬಂದ ಎಳೆಯ ಗೃಹಿಣಿಗೆ ಬಸಿರು ಬಾಣಂತನಗಳ ವಿಷಯವನ್ನು ಹೇಳಲು ಅತ್ತೆಯಾಗಲಿ ತಾಯಿಯಾಗಲಿ ಹತ್ತಿರದಲ್ಲಿರದಿದ್ದಾಗ, ಗ್ರಂಥವೇ ಹಿರಿಯಳ ಸ್ಥಾನದಲ್ಲಿ ನಿಲ್ಲಬೇಕಾಯಿತು.

ಈ ಗ್ರಂಥಗಳ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಏಳಬಹುದು. ಇವು ಶಾಸ್ತ್ರಗಳು, ಸಾಹಿತ್ಯವಲ್ಲ. ಆದುದರಿಂದ ವಿಮರ್ಶೆಗೆ ವಿಷಯವಲ್ಲವೆಂಬುದು ಮೊದಲನೆಯದು. ಹೇಳಬಾರದುದನ್ನು ಹೇಳಿರುವುದರಿಂದ ಅಶ್ಲೀಲದೋಷವುಂಟೆಂಬುದು ಎರಡನೆಯದು. ಎರಡನೆಯದನ್ನು ಮೊದಲು ಪರಿಶೀಲಿಸಬಹುದು. ವ್ರೀಡೆ, ಜುಗುಪ್ಸೆ, ಅಮಂಗಳ ಇವುಗಳ ವ್ಯಂಜನೆಯಿಂದ ಅಶ್ಲೀಲವು ಮೂರು ಬಗೆಯೆಂದು ಆಲಂಕಾರಿಕರು ಹೇಳಿರುವರು. ಆದರೆ ಅದು ಅನಿತ್ಯದೋಷವೆಂದೂ, ವೈರಾಗ್ಯಕಥೆಯಂತಹ ಸಂದರ್ಭದಲ್ಲಿ ಗುಣವೇ ಆಗುವುದೆಂದೂ ಅವರೇ ಒಪ್ಪಿರುವರು. ಶರೀರದ ಮೇಲೆ ಹೇಸಿಕೆಯನ್ನು ಹುಟ್ಟಿಸುವುದಕ್ಕಾಗಿ ಅದರ ಅವಯವಗಳನ್ನು ಹೆಸರಿಸಬಹುದಾದರೆ, ಅದೇ ಶರೀರವನ್ನು ಕಾಪಾಡುವುದಕ್ಕಾಗಿ ಹೆಸರಿಸಬಾರದೇಕೆ? ಕನ್ನಡದಲ್ಲಿ ಮುಟ್ಟಾಗುವುದಕ್ಕೆ ‘ಹೊರಗಾಗುವುದು’, ‘ದೂರವಾಗುವುದು’ ಎಂಬ ಮರೆಮಾತುಗಳಿವೆ. ಲಜ್ಜೆಯನ್ನು ಕಾಯುವುದಕ್ಕೆಂದು ಹುಟ್ಟಿದ ಈ ಪದಗಳು ಹೆಣ್ಣನ್ನು ಮನೆಯಿಂದ ಹೊರಗಿಡುತ್ತವೆ. ರೋಗವನ್ನು ಹೇಳಿಕೊಳ್ಳಲು ಪದವಿಲ್ಲದವಳು ರೋಗವನ್ನು ಸಹಿಸಿಕೊಂಡೇ ಇರಬೇಕಾಗುವುದು. ಆದುದರಿಂದ ಪದವನ್ನು ಕೊಡುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ದೋಷವೆಂದೆಣಿಸಲ್ಪಡುವುದೇ ಇಲ್ಲಿ ಪರಮಗುಣವಾಗಿದೆ.

ಇದರಿಂದಲೇ ಮೊದಲನೆಯ ಆಕ್ಷೇಪಕ್ಕೂ ಸಮಾಧಾನವು ಸಿದ್ಧಿಸುವುದು. ಭಾಷೆಯಲ್ಲಿ ಇಲ್ಲದಿದ್ದ ನಿಸ್ಸಂಕೋಚವಾದ ನುಡಿಯನ್ನು ನಿರ್ಮಿಸುವುದು ಸಾಹಿತ್ಯದ ಕೆಲಸವೇ ಹೊರತು ಕೇವಲ ಶಾಸ್ತ್ರದ ಕೆಲಸವಲ್ಲ. ಅದಲ್ಲದೆ, ಇದೇ ಲೇಖಕಿಯ ‘ಮಾಧವಿ’ ಕಾದಂಬರಿಯನ್ನು ಈ ಗ್ರಂಥಗಳ ಪಕ್ಕದಲ್ಲಿಟ್ಟು ನೋಡಿದರೆ ಎರಡಕ್ಕೂ ಇರುವ ಸಂಬಂಧವು ತಿಳಿಯುವುದು. ಉದ್ಯೋಗಪರ್ವದಲ್ಲಿ ಯಯಾತಿಯ ಮಗಳಾದ ಮಾಧವಿಯು, ಗಾಲವನ ಗುರುದಕ್ಷಿಣೆಗೆ ಬೇಕಾದ ಕಪ್ಪುಕಿವಿಯ 800 ಬಿಳಿಯ ಕುದುರೆಗಳಿಗಾಗಿ ಮೂವರು ಅರಸರಿಗೂ ಕಡೆಯಲ್ಲಿ ವಿಶ್ವಾಮಿತ್ರನಿಗೂ ಒಪ್ಪಿಸಲ್ಪಟ್ಟು ನಾಲ್ವರು ಗಂಡುಮಕ್ಕಳನ್ನು ಹೆರುವಳು. ಪ್ರತಿಯೊಂದು ಹೆರಿಗೆಯ ತರುವಾಯವೂ ಕನ್ಯಾತ್ವವು ಮರಳುವ ವರವು ಆಕೆಗಿದ್ದಿತೆಂದು ಮೂಲದ ಕಥೆ. ಆ ವರದಿಂದ ಅನುಕೂಲವಾದುದು ಆಕೆಗೋ, ಆಕೆಯನ್ನು ಪಡೆದವರಿಗೋ? ಪ್ರಸೂತಿಯನ್ನು ಬಲ್ಲ ವೈದ್ಯೆಗೆ ಈ ಪ್ರಶ್ನೆಯು ಹೊಳೆಯದಿರಲಾರದು. ಹೆರಿಗೆಯ ಗುರುತೇ ಉಳಿಯದಂತೆ ಮಾಡುವ ವರವು ಹೆತ್ತವಳ ಶ್ರಮವನ್ನೂ ಅಳಿಸಿಹಾಕುವುದು. ಸ್ವಯಂವರದಲ್ಲಿ ಮಾಧವಿಯು ಯಾವ ಅರಸನನ್ನೂ ವರಿಸದೆ ವನವನ್ನು ವರಿಸಿದಳೆಂಬ ಮೂಲದ ಮುಕ್ತಾಯಕ್ಕೆ ಈ ದೃಷ್ಟಿಯಿಂದ ಹೊಸ ಅರ್ಥವು ಬರುವುದು.

ಇನ್ನು ಗ್ರಂಥನಾಮಗಳನ್ನು ಪರಿಶೀಲಿಸಬೇಕಾಗಿದೆ. ಸಂಸ್ಕೃತದಲ್ಲಿ ಶ್ರವಣಕ್ಕೂ ಪ್ರಶ್ನೆಗೂ ಬೇರೆ ಬೇರೆ ಧಾತುಗಳು: ಶೃಣು ಎಂದರೆ ಆಲಿಸು, ಪೃಚ್ಛ ಎಂದರೆ ಪ್ರಶ್ನಿಸು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳೂ ಉಂಟು. ‘ಕೇಳು ಕಿಶೋರಿ’ ಎಂದಾಗ ಹುಡುಗಿಗೆ ಆಲಿಸೆಂದು ಹೇಳಿದಂತೆಯೂ ಆಯಿತು, ಪ್ರಶ್ನಿಸೆಂದು ಅಭಯವಿತ್ತಂತೆಯೂ ಆಯಿತು. ಉಪದೇಶದಲ್ಲಿ ಮೊದಲನೆಯ ಅರ್ಥವು ಮಾತ್ರ ಇರುವುದು. ಸಂವಾದದಲ್ಲಿ ಎರಡೂ ಕೂಡುವುವು. ‘ಕಿವಿಮಾತು’ ಎಂಬ ಹೆಸರಿನಲ್ಲಾದರೋ ಗುಟ್ಟಿನ ಛಾಯೆಯಿದೆ. ಬಾಗಿಲ ಹಿಂದೆ ಹಿರಿಯಳು ಹೇಳಬೇಕಾದುದನ್ನು ಅಚ್ಚಿನಲ್ಲಿ ಹೇಳಿದ ಗ್ರಂಥವು ಹೆಸರಿನಲ್ಲಿ ಮಾತ್ರ ಪಿಸುನುಡಿಯಾಗಿ ಉಳಿದಿರುವುದು ವಾಚಕರ ಲಜ್ಜೆಗೆ ಸಲ್ಲಿಸಿದ ಮರ್ಯಾದೆಯೆಂದು ತಿಳಿಯಬಹುದು.

ಸುಲಭೆಯ ಒರೆಗಲ್ಲಿನಲ್ಲಿ ಈ ಗ್ರಂಥಗಳನ್ನು ಉಜ್ಜಿದರೆ ಪ್ರಯೋಜನದಲ್ಲಿ ಕೊರತೆಯು ಕಾಣದು. ಕೊರತೆಯಿರುವುದು ಶ್ರೋತೃವಿನ ವಿಷಯದಲ್ಲಿ. ಕಿಶೋರಿಯೂ ವಧುವೂ ಅಕ್ಷರವನ್ನು ಬಲ್ಲವರು, ಗ್ರಂಥವನ್ನು ಕೊಳ್ಳಬಲ್ಲವರು. ಜಯನಗರದ ಮನೆಯಲ್ಲಿ ಗೃಹಿಣಿಯು ‘ತಾಯಿ-ಮಗು’ವನ್ನು ಓದುತ್ತಿರುವಾಗ ಹಿತ್ತಿಲಲ್ಲಿ ಪಾತ್ರೆ ತಿಕ್ಕುವವಳೂ ಬಸುರಿಯಾಗಿರಬಹುದಷ್ಟೆ. ಆಕೆಗೆ ಆ ಗ್ರಂಥವು ಮುಟ್ಟುವುದು ಓದಿದವಳು ಹೇಳಿದರೆ ಮಾತ್ರ. ಕರ್ನಾಟಕ ಸರಕಾರವು ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದುದು 2004ರಲ್ಲಿ. ಅಂದರೆ, ಹೆಂಗಸರ ಕೆಲಸವನ್ನು ಕುರಿತು ಹೆಂಗಸರು ಬಹುಕಾಲ ಮಾತನಾಡಿದ ಮೇಲೆಯೂ, ಆ ಮನೆಗಳೊಳಗೇ ಕೂಲಿಗೆ ದುಡಿಯುವ ಹೆಂಗಸಿನ ಕೆಲಸವು ಲೆಕ್ಕಕ್ಕೆ ಬರಲು ತಡವಾಯಿತು. ಇಲ್ಲಿ ಒಂದು ವಿಪರ್ಯಾಸವುಂಟು. ಈ ಪರಂಪರೆಯನ್ನು ಮೊದಲುಮಾಡಿದ ಹೊನ್ನಮ್ಮನೇ ಊಳಿಗದವಳು. ಊಳಿಗದವಳು ವಕ್ತೃವಾಗಿ ಆರಂಭವಾದ ಸಂವಾದದಲ್ಲಿ ಊಳಿಗದವಳು ಶ್ರೋತೃವೂ ಆಗಿ ಉಳಿಯಲಿಲ್ಲ.

ಆದರೆ ಆಕೆ ಮೌನವಾಗಿಯೇ ಇರಲಿಲ್ಲವೆಂಬುದಕ್ಕೆ ದಕ್ಷಿಣ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. 2016ನೆಯ ಏಪ್ರಿಲ್ 18, 19ರಂದು ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಂಗಸರು ಬೊಮ್ಮನಹಳ್ಳಿ, ಹೊಸೂರು ರಸ್ತೆಗಳಲ್ಲಿ ನೆರೆದರು. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಹೊಸ ನಿಯಮವೇ ಅದಕ್ಕೆ ಕಾರಣ. ಸೂಜಿಯ ಮುಂದೆ ಬಗ್ಗಿ ಕುಳಿತು ದುಡಿಯುವ ಶರೀರವು ಆ ವಯಸ್ಸಿನವರೆಗೆ ತಾಳದೆಂಬುದು ಅವರಿಗೆ ಗೊತ್ತು. ಕಾಯಿಲೆಗೂ ಮಕ್ಕಳ ಓದಿಗೂ ಹಣವು ಮೊದಲೇ ಬೇಕೆಂಬುದೂ ಗೊತ್ತು. ಕೇಂದ್ರ ಸರಕಾರವು 19ರಂದೇ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ ಕಲ್ಲುತೂರಾಟ, ಲಾಠಿಪ್ರಹಾರಗಳೂ ನಡೆದುವು, ಅವನ್ನು ಮರೆಮಾಚಬೇಕಾಗಿಲ್ಲ. ಆದರೆ ಸುಲಭೆಯು ಹೇಳಿದ ಐದು ಅಂಗಗಳಲ್ಲಿ ನಿರ್ಣಯವೂ ಪ್ರಯೋಜನವೂ ಅವರ ಮಾತಿನಲ್ಲಿ ಇದ್ದುವೆಂಬುದನ್ನು ಅಲ್ಲಗಳೆಯಲಾಗದು. ಇಲ್ಲಿ ಆರೋಗ್ಯ, ಕೆಲಸ, ಸಮತ್ವ ಎಂಬ ಮೂರು ವಿಷಯಗಳು ಬೇರೆ ಬೇರೆ ಅಧ್ಯಾಯಗಳಾಗಿರದೆ ಒಂದೇ ವಾಕ್ಯವಾಗಿದ್ದುವು. ಅನುಪಮಾ ಅವರ ಹೆಸರಿನಲ್ಲಿ ಲೇಖಕಿಯರಿಗೆ ವೈಯಕ್ತಿಕ ಸಾಧನೆಗಾಗಿ ಪ್ರಶಸ್ತಿಯನ್ನೀಯುವ ಕರ್ನಾಟಕ ಲೇಖಕಿಯರ ಸಂಘವು 1979ರಿಂದ ಇದೇ ನಗರದಲ್ಲಿದೆ. ಆ ಬೀದಿಯ ವಾಕ್ಯವು ಲೇಖಕಿಯರ ಗ್ರಂಥಗಳಲ್ಲಿ ಎಷ್ಟರಮಟ್ಟಿಗೆ ಇಳಿದಿದೆಯೆಂಬುದು ಮುಂದಿನ ವಿಮರ್ಶಕರು ಪರೀಕ್ಷಿಸಬೇಕಾದ ವಿಷಯ.

ಈ ವಿವೇಚನೆಯಿಂದ ನಿಷ್ಪನ್ನವಾಗುವ ಸಿದ್ಧಾಂತವಿಷ್ಟು. ಹೆಂಗಸು ಹೆಂಗಸಿಗೆ ಹೇಳುವ ಹಿತವು ಪ್ರಭುಸಮ್ಮಿತವೂ ಅಲ್ಲ, ಕಾಂತಾಸಮ್ಮಿತವೂ ಅಲ್ಲ. ಅದಕ್ಕೆ ಸಖೀಸಮ್ಮಿತವೆಂಬ ಬೇರೊಂದು ಹೆಸರು ಸಲ್ಲಬೇಕು. ಆದರೆ ಸಖ್ಯಕ್ಕೆ ಸಮತ್ವವೇ ಲಕ್ಷಣವಾದುದರಿಂದ, ಹೇಳುವವಳು ಎತ್ತರದಲ್ಲಿಯೂ ಕೇಳುವವಳು ತಗ್ಗಿನಲ್ಲಿಯೂ ಇರುವವರೆಗೆ ಆ ಹೆಸರು ಪೂರ್ಣವಾಗಿ ಅನ್ವಯಿಸದು. ಹೊನ್ನಮ್ಮನ ಸಾಂಗತ್ಯವನ್ನು ಪಾಠ ಹೇಳುವ ಅಧ್ಯಾಪಕರು ಅದರ ಜೊತೆಯಲ್ಲಿ ‘ಕೇಳು ಕಿಶೋರಿ’ಯನ್ನೂ ಮಾಧವಿಯ ಕಥೆಯನ್ನೂ ಇಟ್ಟು ಬೋಧಿಸಿದರೆ, ಆಚಾರವನ್ನು ಕುರಿತ ಮಾತು ಆರೋಗ್ಯವನ್ನು ಕುರಿತ ಮಾತಾಗಿ ಬೆಳೆದ ಬಗೆಯು ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾಗುವುದು. ತರಗತಿಯಲ್ಲಿ ಕುಳಿತ ಹುಡುಗಿಯು ಆಲಿಸುವುದರ ಜೊತೆಗೆ ಪ್ರಶ್ನಿಸಲೂ ತೊಡಗಿದಳಾದರೆ, ಕನ್ನಡದ ಆ ಒಂದು ಧಾತುವಿನ ಎರಡು ಅರ್ಥಗಳೂ ಸಾರ್ಥಕವಾದುವೆಂದು ತಿಳಿಯಬಹುದು.