ರಾಮನ ತೀರ್ಪು ಮತ್ತು ನಮ್ಮ ಪಥ್ಯ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ತರಗತಿಯಲ್ಲಿ ಓದಿಸುವಾಗ, ಭತ್ತವೂ ರಾಗಿಯೂ ಒಂದನ್ನೊಂದು ಹಳಿಯುವ ಭಾಗ ಬಂದೊಡನೆ ವಿದ್ಯಾರ್ಥಿಗಳು ನಗುವುದು ವಾಡಿಕೆ. ಬೀದಿಯ ನಲ್ಲಿಯ ಮುಂದೆ ನಡೆಯುವ ಜಗಳ ಷಟ್ಪದಿಗೆ ಇಳಿದಂತೆ ಅದು ಕೇಳುತ್ತದೆ. ಈ ವರ್ಷ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಪಾಠ ಮುಗಿದ ಮೇಲೆ ಬಂದು ಕೇಳಿದಳು: “ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದಾರೆ. ಈಗ ಮತ್ತೊಬ್ಬರು ರಾಗಿಯೂ ಆಗದು ಎನ್ನುತ್ತಾರೆ. ಆದರೆ ರಾಮನೇ ರಾಗಿಯ ಪರವಾಗಿ ತೀರ್ಪು ಕೊಟ್ಟಿದ್ದಾನಲ್ಲ, ಅದರಲ್ಲಿ ಏನಾದರೂ ನಿಜವಿರಬೇಕಲ್ಲವೆ?”

ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಕನ್ನಡ ಅಧ್ಯಾಪಕನ ಬಳಿಗೆ ಬಂದಿತ್ತು. ಆದರೂ ಅದನ್ನು ತಳ್ಳಿಹಾಕಲು ಮನಸ್ಸಾಗಲಿಲ್ಲ. ಆಹಾರದ ಬಗ್ಗೆ ಬರುವ ಉಪದೇಶಗಳನ್ನು ನಾವೆಲ್ಲರೂ ಓದುತ್ತೇವೆ. ಹೇಗೆ ಓದಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಿಲ್ಲ. ಓದುವುದನ್ನು ಕಲಿಸುವುದಾದರೋ ನಮ್ಮ ಕಸುಬು.

ಮೊದಲು ಕಾವ್ಯವನ್ನೇ ನೋಡೋಣ. ಲಂಕೆಯಿಂದ ಮರಳುವ ರಾಮನು ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬಂದಾಗ ಗೌತಮ ಮುನಿ ನರೆದಲೆಗನನ್ನು, ಎಂದರೆ ರಾಗಿಯನ್ನು, ಹೊಗಳುತ್ತಾನೆ. ಭತ್ತಕ್ಕೆ ಸಿಟ್ಟು ಬರುತ್ತದೆ. ತಾನು ದೇವಕಾರ್ಯಕ್ಕೂ ಶುಭಕಾರ್ಯಕ್ಕೂ ಸಲ್ಲುವವನು, ನೀನು ಕೀಳುಜನರ ಆಹಾರ ಎಂದು ಅದು ಹೀಯಾಳಿಸುತ್ತದೆ. ನೀನು ಬಡವರ ಮುಖ ನೋಡದವನು, ಬರಗಾಲದಲ್ಲಿ ಜನರನ್ನು ಕಾಯುವವನು ನಾನು ಎಂದು ರಾಗಿ ತಿರುಗಿ ಹೇಳುತ್ತದೆ. ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿ ನಿಂತಿರುತ್ತದೆ. ರಾಮನು ಅದಕ್ಕೆ ತನ್ನ ರಾಘವ ಎಂಬ ಹೆಸರನ್ನೇ ಕೊಟ್ಟು ಗೌರವಿಸುತ್ತಾನೆ.

ಇಲ್ಲಿ ನಡೆದ ಪರೀಕ್ಷೆ ಯಾವುದು? ಯಾವ ಧಾನ್ಯ ದೇಹಕ್ಕೆ ಹಿತ ಎಂದು ರಾಮನು ಪರೀಕ್ಷಿಸಲಿಲ್ಲ. ಯಾರಿಗೂ ಉಣಬಡಿಸಿ ನೋಡಲಿಲ್ಲ. ಯಾವುದು ಕೆಡದೆ ಉಳಿಯುತ್ತದೆ ಎಂಬುದಷ್ಟೇ ಅವನ ಪರೀಕ್ಷೆ. ಚೆನ್ನಾಗಿ ಒಣಗಿಸಿ ಕಣಜಕ್ಕೆ ಹಾಕಿದ ಭತ್ತ ಆರು ತಿಂಗಳಿಗೆ ಕೆಡುವುದಿಲ್ಲವೆಂದು ಯಾವ ರೈತನಾದರೂ ಹೇಳಿಯಾನು. ಅಷ್ಟರಮಟ್ಟಿಗೆ ಇದು ಕವಿಯ ಅತಿಶಯೋಕ್ತಿ. ಆದರೆ ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಊರನ್ನು ಉಳಿಸುತ್ತದೆ. ಬರಗಾಲದ ಪ್ರಶ್ನೆಗೆ ರಾಮನ ತೀರ್ಪು ಸರಿಯಾದ ಉತ್ತರ. ಸಕ್ಕರೆ ಕಾಯಿಲೆಯ ಪ್ರಶ್ನೆಗೆ ಅದು ಉತ್ತರವೇ ಅಲ್ಲ, ಏಕೆಂದರೆ ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿಲ್ಲ. ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ 2023ರಲ್ಲಿ, ಈ ಕಾವ್ಯವನ್ನು ಪಥ್ಯಶಾಸ್ತ್ರದ ಪ್ರಮಾಣವಾಗಿ ಮುಂದಿಟ್ಟ ಭಾಷಣಗಳನ್ನು ಕೇಳಿದ್ದೇನೆ. ಅದು ಕಾವ್ಯಕ್ಕೂ ನ್ಯಾಯವಲ್ಲ, ರೋಗಿಗೂ ನ್ಯಾಯವಲ್ಲ.

ರಾಗಿಯ ಗುಣವನ್ನು ಅಲ್ಲಗಳೆಯಲು ಈ ಮಾತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರಿನಂಶ ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಮೆ. ಇಷ್ಟರಲ್ಲಿ ರಾಗಿಗೆ ನಿಚ್ಚಳವಾದ ಗೆಲುವು. ಆದರೆ ಪ್ರೋಟೀನಿನ ವಿಷಯದಲ್ಲಿ ಎರಡೂ ಹೆಚ್ಚು ಕಡಮೆ ಸರಿಸಮ. ಅಕ್ಕಿಯೇ ಕೂದಲೆಳೆಯಷ್ಟು ಮುಂದು. ಎರಡರಲ್ಲಿಯೂ ಹೆಚ್ಚಿನ ಭಾಗ ಪಿಷ್ಟವೇ. ರಾಗಿಯನ್ನು ನುಣ್ಣಗೆ ಬೀಸಿ ಗಂಜಿ ಕಾಯಿಸಿದರೆ ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಆ ಹುಡುಗಿಯ ತಂದೆಗೆ ಸಲಹೆ ಕೊಟ್ಟ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಬ್ಬರು ಧಾನ್ಯವನ್ನು ನೋಡಿ ಹೇಳಿದ್ದರು, ಇನ್ನೊಬ್ಬರು ತಟ್ಟೆಯನ್ನು ನೋಡಿ ಹೇಳಿದ್ದರು.

ಶಾಸ್ತ್ರಜ್ಞರೇ ದಿನಕ್ಕೊಂದು ಹೇಳುತ್ತಾರಲ್ಲ ಎಂಬುದು ಸಾಮಾನ್ಯವಾದ ದೂರು. ಬದಲಾವಣೆಗಳೆಲ್ಲ ಒಂದೇ ಜಾತಿಯವಲ್ಲ. ಡಚ್ ವೈದ್ಯ ಐಕ್‌ಮನ್ 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗವನ್ನು ಅಭ್ಯಾಸಮಾಡುತ್ತಿದ್ದ. ಪಾಲಿಷ್ ಮಾಡಿದ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುತ್ತವೆ, ತೌಡಿರುವ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುತ್ತವೆ ಎಂಬುದನ್ನು ಅವನು ಕಂಡ. ಆದರೆ ಪಿಷ್ಟದಲ್ಲಿ ಏನೋ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದು ಮೊದಲು ಭಾವಿಸಿದ. ತೌಡಿನಲ್ಲಿರುವ ಅವಶ್ಯಕ ವಸ್ತುವೊಂದು ಬಿಳಿ ಅಕ್ಕಿಯಲ್ಲಿ ಇಲ್ಲದಿರುವುದೇ ಕಾರಣವೆಂದು ಅವನ ನಂತರ ಬಂದ ಗ್ರೈನ್ಸ್ 1901ರಲ್ಲಿ ಸೂಚಿಸಿದ. ಕಂಡದ್ದು ಹಾಗೆಯೇ ಉಳಿಯಿತು, ಬದಲಾದದ್ದು ವ್ಯಾಖ್ಯಾನ. ಹಳೆಯ ಪದ್ಯಕ್ಕೆ ಹೊಸ ಅರ್ಥ ಹೊಳೆದರೆ ಪದ್ಯ ಸುಳ್ಳಾಯಿತೆಂದು ನಾವು ಹೇಳುವುದಿಲ್ಲವಷ್ಟೆ.

ಎರಡನೆಯ ಬಗೆಯಲ್ಲಿ ಪ್ರಶ್ನೆಯೇ ತಪ್ಪಾಗಿರುತ್ತದೆ. 1960ರ ದಶಕದಲ್ಲಿ ಬಡ ದೇಶಗಳ ಮಕ್ಕಳಿಗೆ ಪ್ರೋಟೀನ್ ಸಾಲದು ಎಂಬುದೇ ದೊಡ್ಡ ಚಿಂತೆ. 1968ರಲ್ಲಿ ವಿಶ್ವಸಂಸ್ಥೆಯೇ ಬರಲಿರುವ ಪ್ರೋಟೀನ್ ಬಿಕ್ಕಟ್ಟಿನ ಬಗ್ಗೆ ವರದಿಯನ್ನು ಹೊರಡಿಸಿತು. ಕಡಲೆಕಾಯಿ ಹಿಟ್ಟಿನಿಂದ ಪೌಷ್ಟಿಕ ಆಹಾರವನ್ನು ತಯಾರಿಸುವ ಕೆಲಸ ನಮ್ಮ ಮೈಸೂರಿನ ಆಹಾರ ಸಂಶೋಧನಾಲಯದಲ್ಲಿಯೂ ನಡೆದಿತ್ತು. ಡಾ. ಗೋಪಾಲನ್ ಮತ್ತು ಸುಖಾತ್ಮೆಯವರಂಥ ಭಾರತೀಯ ವಿದ್ವಾಂಸರು, ಈ ಮಕ್ಕಳಿಗೆ ಮೊದಲು ಸಾಲದಿರುವುದು ಊಟವೇ ಎಂದು ತೋರಿಸಿಕೊಟ್ಟರು. ಕಾಳೂ ಬೇಳೆಯೂ ಹೊಟ್ಟೆ ತುಂಬ ಸಿಕ್ಕಿದರೆ ಪ್ರೋಟೀನೂ ಬಹುಮಟ್ಟಿಗೆ ಅದರೊಡನೆ ಬರುತ್ತದೆ ಎಂಬುದು ಅವರ ವಾದ. 1974ರಲ್ಲಿ ಮೆಕ್ಲಾರೆನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಇಡೀ ಪ್ರಕರಣವನ್ನು ಭಾರಿ ಎಡವಟ್ಟೆಂದೇ ಕರೆದರು. ಹಸಿವೆಂಬ ಹಳೆಯ ಮಾತನ್ನು ಕೊರತೆಯೆಂಬ ಹೊಸ ಮಾತು ಮರೆಮಾಡಿತ್ತು. ಇಂಥ ತಪ್ಪಿಗೆ ಬೆಲೆ ತೆರುವವರು ಲೇಖನ ಓದುವ ನಾವಲ್ಲ.

ಮೂರನೆಯದು ಮೊಟ್ಟೆಯ ಕಥೆ. ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಭಂಡಾರ ಬೇಡವೆಂದು ಅಮೆರಿಕದ ಹೃದ್ರೋಗ ಸಂಘ 1968ರಲ್ಲಿ ಹೇಳಿತು. ಆಹಾರದ ಕೊಲೆಸ್ಟರಾಲಿಗೆ ದಿನಕ್ಕೆ 300 ಮಿಲಿಗ್ರಾಂ ಎಂದು ಹಾಕಿದ್ದ ಮಿತಿಯನ್ನು ಆ ದೇಶದ ಸರ್ಕಾರಿ ಆಹಾರಸೂತ್ರಗಳು 2015–20ರ ಆವೃತ್ತಿಯಲ್ಲಿ ಕೈಬಿಟ್ಟವು. ಕೊಲೆಸ್ಟರಾಲನ್ನು ತಿನ್ನುವುದಕ್ಕೂ ಅದು ರಕ್ತದಲ್ಲಿ ಏರುವುದಕ್ಕೂ ಇರುವ ಸಂಬಂಧ, ಮೊದಲು ಎಣಿಸಿದಷ್ಟು ನೇರವಾಗಿರಲಿಲ್ಲ. ಇದು ನಿಜವಾದ ತಿದ್ದುಪಡಿ. ಆದರೆ ಮಿತಿ ಹೋಯಿತೆಂದರೆ ಎಷ್ಟು ಬೇಕಾದರೂ ತಿನ್ನಬಹುದೆಂದು ಅರ್ಥವಲ್ಲ. ಅದೇ ಸೂತ್ರಗಳು ಸ್ಯಾಚುರೇಟೆಡ್ ಕೊಬ್ಬಿನ ಮೇಲಿನ ಮಿತಿಯನ್ನು ಉಳಿಸಿಕೊಂಡಿದ್ದವು. ಸುದ್ದಿಯ ತಲೆಬರಹ ಓದಿದವರಿಗೆ ಮೊದಲನೆಯದು ತಿಳಿಯಿತು, ಎರಡನೆಯದು ತಿಳಿಯಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನ ದೂರು ಈ ಭಾಷೆಯ ಮೇಲೆಯೇ. ಆಹಾರದ ಬಗ್ಗೆ ನಮ್ಮಲ್ಲಿ ಬರುವ ಬರವಣಿಗೆಯಲ್ಲಿ ಎರಡೇ ಪದಗಳು ಬದುಕಿವೆ: ಅಮೃತ ಮತ್ತು ವಿಷ. ನಿನ್ನೆ ವಿಷವಾಗಿದ್ದ ತುಪ್ಪ ಇಂದು ಅಮೃತ; ನಿನ್ನೆ ಅಮೃತವಾಗಿದ್ದ ಹಣ್ಣಿನ ರಸ ಇಂದು ವಿಷ. ‘ಯಾರಿಗೆ’, ‘ಎಷ್ಟು’, ‘ಯಾವುದರ ಬದಲಿಗೆ’ ಎಂಬ ಮಾತುಗಳು ವಾಕ್ಯದಿಂದ ಉದುರಿಹೋಗಿವೆ. ಕನಕದಾಸರ ಕಾವ್ಯದಲ್ಲಿಯೂ ಉತ್ಪ್ರೇಕ್ಷೆಯಿದೆ, ಬೈಗುಳವಿದೆ. ಆದರೆ ಅವು ವಾದಿ ಪ್ರತಿವಾದಿಗಳ ಬಾಯಲ್ಲಿವೆ. ರಾಮನು ಆತುರಪಡದೆ ಆರು ತಿಂಗಳು ಕಾಯುತ್ತಾನೆ. ನಮ್ಮಲ್ಲಿ ಕಕ್ಷಿಗಾರರೇ ನ್ಯಾಯಪೀಠ ಹತ್ತಿ ಕುಳಿತಿದ್ದಾರೆ. ಅವರಲ್ಲಿ ಹಲವರಿಗೆ ಮಾರಲು ಸರಕೂ ಇದೆ.

ಈ ಗದ್ದಲದ ನಡುವೆ ಹೆಚ್ಚು ಅಲುಗಾಡದೆ ನಿಂತ ಮಾತುಗಳೂ ಇವೆ. 2024ರ ಮೇ ತಿಂಗಳಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಹದಿನೇಳು ಆಹಾರಸೂತ್ರಗಳನ್ನು ಪ್ರಕಟಿಸಿತು. ಬಗೆಬಗೆಯ ಆಹಾರ, ಸಾಕಷ್ಟು ತರಕಾರಿ, ಕಾಳುಬೇಳೆ. ಎಣ್ಣೆ, ಉಪ್ಪು, ಸಕ್ಕರೆಗಳಲ್ಲಿ ಹಿತಮಿತ. ಮೈ ಬೆಳೆಸುವ ಪ್ರೋಟೀನ್ ಪುಡಿಗಳು ಬೇಡ—ಸಾರಾಂಶ ಇಷ್ಟೆ. ನಮ್ಮ ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯಪಡುವಂಥದು ಹೆಚ್ಚಿರಲಾರದು. ಅಮೃತವೂ ವಿಷವೂ ಇಲ್ಲದ್ದರಿಂದಲೋ ಏನೋ, ಇದನ್ನು ಯಾರೂ ಪರಸ್ಪರ ಕಳುಹಿಸಿಕೊಳ್ಳುವುದಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ತಂದೆಯವರು ಮುದ್ದೆ ಬಿಡಬೇಕಾಗಿಲ್ಲದಿರಬಹುದು, ಆದರೆ ಎಷ್ಟು ಗಾತ್ರದ ಮುದ್ದೆ, ಅದರ ಜೊತೆಗೆ ಎಷ್ಟು ಸೊಪ್ಪು, ಎಷ್ಟು ಕಾಳು ಎಂಬುದನ್ನು ಅವರ ರಕ್ತ ಪರೀಕ್ಷೆ ನೋಡಿದ ವೈದ್ಯರು ಹೇಳಬೇಕು, ರಾಮನಲ್ಲ. ಅವಳು ನಕ್ಕಳು. ಹೋಗುವ ಮುನ್ನ ಕಾವ್ಯದ ಕೊನೆಯನ್ನು ಇನ್ನೊಮ್ಮೆ ಓದಲು ಹೇಳಿದೆ. ರಾಗಿಯನ್ನು ಗೆಲ್ಲಿಸಿದ ರಾಮನು ಭತ್ತವನ್ನು ದೇಶದಿಂದ ಹೊರಗಟ್ಟುವುದಿಲ್ಲ. ಸೋತು ನಿಂತ ಅದನ್ನೂ ಸಂತೈಸುತ್ತಾನೆ. ಆ ಭಾಗವನ್ನು ಭಾಷಣಗಳಲ್ಲಿ ಯಾರೂ ಉದ್ಧರಿಸಿದ್ದನ್ನು ನಾನು ಕೇಳಿಲ್ಲ.