ದೂರದ ಲೋಕ, ಹತ್ತಿರದ ಗಡಿ: ಶಿಕ್ಷಕ ಶಿಕ್ಷಣದಲ್ಲಿ ಜಾಗತಿಕ ದೃಷ್ಟಿ

ಶಿಕ್ಷಕ ಶಿಕ್ಷಣದ ಚರ್ಚೆಗಳಲ್ಲಿ ‘ಜಾಗತಿಕ ದೃಷ್ಟಿ’ ಎಂಬ ಪರಿಕಲ್ಪನೆಗೆ ಈಗ ಪ್ರಶ್ನಾತೀತ ಸ್ಥಾನ ಒದಗಿದೆ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7ನೆಯ ಅಂಶ ಜಾಗತಿಕ ಪೌರತ್ವದ ಶಿಕ್ಷಣವನ್ನು ಹೆಸರಿಸುತ್ತದೆ; ಅದರ ಸಾಧನೆಯನ್ನು ಅಳೆಯುವ ಸೂಚಕದಲ್ಲಿ ಶಾಲಾ ಪಠ್ಯಕ್ರಮದೊಂದಿಗೆ ಶಿಕ್ಷಕ ಶಿಕ್ಷಣವೂ ಸೇರಿದೆ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಮಾತನ್ನು ಎತ್ತಿಕೊಂಡಿದೆ. ಲೋಕವನ್ನು ವಿಶಾಲವಾಗಿ ನೋಡಬೇಕೆಂಬುದನ್ನು ಯಾರೂ ವಿರೋಧಿಸುವುದಿಲ್ಲ. ಯಾರೂ ವಿರೋಧಿಸದ ಪರಿಕಲ್ಪನೆಗಳನ್ನೇ ವಿಮರ್ಶೆ ಹೆಚ್ಚು ಎಚ್ಚರದಿಂದ ಓದಬೇಕಾಗುತ್ತದೆ. ಲೋಕವನ್ನು ನೋಡುತ್ತಿರುವ ಅಧ್ಯಾಪಕ ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬ ಪ್ರಶ್ನೆ ಈ ಚರ್ಚೆಗಳಲ್ಲಿ ಏಳುವುದು ಕಡಿಮೆ.

ಈ ಚಿಂತನೆಯ ಮೂಲಪಠ್ಯಗಳಲ್ಲಿ ಒಂದಾದ, ಅಮೆರಿಕದ ರಾಬರ್ಟ್ ಹ್ಯಾನ್‌ವಿ 1976ರಲ್ಲಿ ಪ್ರಕಟಿಸಿದ ‘ಆ್ಯನ್ ಅಟೇನಬಲ್ ಗ್ಲೋಬಲ್ ಪರ್ಸ್‌ಪೆಕ್ಟಿವ್’ ಎಂಬ ಕಿರುಹೊತ್ತಗೆಯನ್ನು ಇಂದು ಓದಿದರೆ, ಅದರ ಹೆಸರಿನಲ್ಲಿ ನಡೆಯುತ್ತಿರುವ ತರಬೇತಿಗಳಿಗಿಂತ ಅದು ಎಷ್ಟೋ ಸೂಕ್ಷ್ಮವಾಗಿದೆ ಎನಿಸುತ್ತದೆ. ಹ್ಯಾನ್‌ವಿ ಐದು ಆಯಾಮಗಳನ್ನು ಹೇಳುತ್ತಾನೆ. ಭೂಮಿಯ ಸ್ಥಿತಿಯ ಅರಿವು, ಜಾಗತಿಕ ವ್ಯವಸ್ಥೆಯ ಚಲನೆ, ಮನುಷ್ಯನ ಮುಂದಿರುವ ಆಯ್ಕೆಗಳು ಮೊದಲಾದವು ಅವುಗಳಲ್ಲಿವೆ. ಆದರೆ ಮೊದಲನೆಯ ಸ್ಥಾನವನ್ನು ಅವನು ಕೊಟ್ಟಿರುವುದು ಮಾಹಿತಿಗೆ ಅಲ್ಲ, ದೃಷ್ಟಿಯ ಪ್ರಜ್ಞೆಗೆ: ತನಗೊಂದು ಲೋಕದೃಷ್ಟಿ ಇದೆ, ಅದು ಎಲ್ಲರದ್ದೂ ಅಲ್ಲ, ಅದನ್ನು ರೂಪಿಸಿದ ಶಕ್ತಿಗಳು ತನ್ನ ಗಮನಕ್ಕೆ ಬಾರದೆಯೇ ಕೆಲಸ ಮಾಡಿವೆ ಎಂಬ ಅರಿವಿಗೆ. ಅಭಿಪ್ರಾಯ ಮೇಲ್ಪದರದ್ದು, ದೃಷ್ಟಿ ಅದರ ಅಡಿಯಲ್ಲಿ ಅಡಗಿರುವಂಥದ್ದು ಎಂಬ ಅವನ ಭೇದ ಸಾಹಿತ್ಯ ವಿಮರ್ಶೆಗೂ ಒದಗುವಂಥದ್ದು.

ಅನ್ಯಸಂಸ್ಕೃತಿಗಳ ಅರಿವಿನಲ್ಲಿಯೂ ಅವನು ಮೆಟ್ಟಿಲುಗಳನ್ನು ಗುರುತಿಸುತ್ತಾನೆ. ಪ್ರವಾಸಿಯ ಕಣ್ಣಿಗೆ ಬೀಳುವ ವೇಷಭೂಷಣಗಳು ಕೆಳಗಿನ ಮೆಟ್ಟಿಲಿನಲ್ಲಿವೆ. ಇನ್ನೊಂದು ಸಂಸ್ಕೃತಿಯ ಒಳಗೆ ಬದುಕಿ, ಅಲ್ಲಿಯವರಿಗೆ ಲೋಕ ಹೇಗೆ ಭಾಸವಾಗುತ್ತದೆ ಎಂದು ಅನುಭವದಿಂದ ಅರಿಯುವುದು ಮೇಲಿನದರಲ್ಲಿದೆ. ಬಹುತೇಕ ಜನರು ಈ ಎತ್ತರಕ್ಕೆ ತಲುಪಲಾರರು ಎಂಬ ಅಳುಕೂ ಅವನಿಗಿದೆ. ಉದಾಹರಣೆಗೆ ಅವನು ಒಯ್ಯುವುದು ಪರದೇಶಕ್ಕೆ ಹೋದ ಪೀಸ್ ಕೋರ್ ಸ್ವಯಂಸೇವಕರ ಬಳಿಗೆ. ಈ ಕೃತಿಯ ಮಿತಿ ಕಾಣುವುದೂ ಇಲ್ಲಿಯೇ. ಹ್ಯಾನ್‌ವಿಯ ಕಲಿಯುವವನಿಗೆ ಒಂದು ಗಟ್ಟಿಯಾದ ಮನೆಯಿದೆ. ಅಲ್ಲಿಂದ ಹೊರಟು ಅಲ್ಲಿಗೇ ಮರಳುತ್ತಾನೆ. ಇನ್ನೊಬ್ಬರ ಭಾಷೆಯಲ್ಲಿ ಬದುಕುವುದು ಅವನಿಗೆ ಆಯ್ಕೆ. ಅದು ಆಯ್ಕೆಯಲ್ಲದೆ ದಿನನಿತ್ಯದ ಅನಿವಾರ್ಯವಾಗಿರುವವರು ಆ ಪುಟಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಿಲ್ಲ.

ಈ ಕೊರತೆಯನ್ನು ಶಿಕ್ಷಕ ಶಿಕ್ಷಣದ ಒಳಗಿನಿಂದಲೇ ಎತ್ತಿ ತೋರಿಸಿದವರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೆರಿ ಮೆರಿಫೀಲ್ಡ್. 2000ದಲ್ಲಿ ಪ್ರಕಟವಾದ ಅವರ ಅಧ್ಯಯನ, ಬಹುಸಂಸ್ಕೃತಿ ಮತ್ತು ಜಾಗತಿಕ ಶಿಕ್ಷಣದಲ್ಲಿ ಸಮರ್ಥರೆಂದು ಹೆಸರಾದ 80 ಶಿಕ್ಷಕ ಶಿಕ್ಷಕರ ಜೀವನಾನುಭವಗಳನ್ನು ಪರಿಶೀಲಿಸುತ್ತದೆ. ಬಿಳಿಯ ಮಧ್ಯಮವರ್ಗದ ಅಧ್ಯಾಪಕರಲ್ಲಿ ಹೆಚ್ಚಿನವರಿಗೆ ಈ ದೃಷ್ಟಿ ದಕ್ಕಿದ್ದು ಸ್ವದೇಶ ಬಿಟ್ಟು ಹೊರಗೆ ಬದುಕಿದಾಗ. ಬಿಳಿಯರಲ್ಲದವರಿಗೆ ಅದು ದಕ್ಕಿದ್ದು ಹುಟ್ಟಿದ ಊರಿನಲ್ಲಿಯೇ, ತಾರತಮ್ಯದ ಮೂಲಕ, ಹೊರಗಿನವರೆನಿಸಿಕೊಂಡ ಅನುಭವದ ಮೂಲಕ. ಡಬ್ಲ್ಯೂ.ಇ.ಬಿ. ಡು ಬಾಯ್ಸ್ 1903ರಲ್ಲಿ ವಿವರಿಸಿದ ಇಮ್ಮಡಿ ಪ್ರಜ್ಞೆಯನ್ನು, ಎಂದರೆ ತನ್ನನ್ನು ತನ್ನ ಕಣ್ಣಿನಿಂದಲೂ ತನ್ನನ್ನು ಕೀಳೆಂದು ಅಳೆಯುವವರ ಕಣ್ಣಿನಿಂದಲೂ ಒಟ್ಟಿಗೆ ನೋಡಿಕೊಳ್ಳಬೇಕಾದ ಸ್ಥಿತಿಯನ್ನು, ಮೆರಿಫೀಲ್ಡ್ ಈ ಸಂದರ್ಭದಲ್ಲಿ ನೆನೆಯುತ್ತಾರೆ. ವಿಮಾನದ ಟಿಕೆಟ್ಟಿಗೂ ಜಾಗತಿಕ ದೃಷ್ಟಿಗೂ ಇದ್ದ ಗಂಟು ಇಲ್ಲಿ ಸಡಿಲವಾಗುತ್ತದೆ. ಆದರೆ ಅನುಭವವಿದ್ದ ಮಾತ್ರಕ್ಕೆ ಸಾಲದು. ಅದರ ಅರ್ಥವನ್ನು ಅಧಿಕಾರದ ಸಂಬಂಧಗಳೊಂದಿಗೆ ಕೂಡಿಸಿ ಓದಿದಾಗಲೇ ಅದು ಬೋಧನೆಗೆ ಒದಗುತ್ತದೆ ಎಂಬ ಅವರ ನಿಲುವನ್ನೂ ಮರೆಯುವಂತಿಲ್ಲ.

ಅಮೆರಿಕದ ವರ್ಣಭೇದವನ್ನೂ ಭಾರತದ ಭಾಷಾ ಗಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾದೀತು. ಎರಡರ ಇತಿಹಾಸವೂ ನೋವಿನ ಪ್ರಮಾಣವೂ ಬೇರೆ. ಆದರೂ ಮೆರಿಫೀಲ್ಡ್ ಕೇಳಿದ ಪ್ರಶ್ನೆಯನ್ನು ಮಂಜೇಶ್ವರದಲ್ಲಿಯೋ ಜತ್ತಿನಲ್ಲಿಯೋ ಹೊಸೂರಿನಲ್ಲಿಯೋ ಕೇಳಬಹುದು. ಮಂಜೇಶ್ವರ, ಕುಂಬಳೆಗಳ ಕಡೆಯಿಂದ ಬಿ.ಎಡ್.ಗೆ ಬರುವ ವಿದ್ಯಾರ್ಥಿನಿಯೊಬ್ಬಳ ಮನೆಮಾತು ತುಳುವಾಗಿರಬಹುದು, ಓದು ಕನ್ನಡದಲ್ಲಿ ಆಗಿರಬಹುದು. ಕಚೇರಿಯ ಅರ್ಜಿ ಮಲಯಾಳದಲ್ಲಿ, ಶಿಕ್ಷಣಶಾಸ್ತ್ರದ ಟಿಪ್ಪಣಿ ಇಂಗ್ಲಿಷಿನಲ್ಲಿ. ಹ್ಯಾನ್‌ವಿಯ ಮೇಲಿನ ಮೆಟ್ಟಿಲಿನಲ್ಲಿ ಅವಳು ಎಲ್ಲಿಗೂ ಹೋಗದೆ ನಿಂತಿದ್ದಾಳೆ. ತರಬೇತಿ ಮಾತ್ರ ಅದನ್ನು ಸಂಪತ್ತೆಂದು ಕಾಣದೆ, ಉಚ್ಚಾರದ ದೋಷವೆಂದೋ ಮಾಧ್ಯಮದ ತೊಡಕೆಂದೋ ಎಣಿಸುತ್ತದೆ. ಜಾಗತಿಕ ದೃಷ್ಟಿಯ ಪಾಠಕ್ಕಾಗಿ ಫಿನ್‌ಲೆಂಡಿನ ಶಾಲೆಗಳ ಚಿತ್ರ ತೆರೆಯ ಮೇಲೆ ಮೂಡುವಾಗ, ನಾಲ್ಕು ಭಾಷೆಗಳ ನಡುವೆ ಬೆಳೆದವಳು ಹಿಂದಿನ ಬೆಂಚಿನಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾಳೆ.

‘ಜಾಗತಿಕ’ ಎಂಬ ಮಾತಿನ ಆಯ್ಕೆಯಲ್ಲಿಯೂ ಪಕ್ಷಪಾತವಿದೆ. ಜಾಗತಿಕ ಪೌರತ್ವದ ಶಿಕ್ಷಣವನ್ನು ಇಂದು ಪ್ರಚುರಪಡಿಸುತ್ತಿರುವ ಯುನೆಸ್ಕೊ 1953ರಲ್ಲಿಯೇ ದೇಶಭಾಷೆಗಳಲ್ಲಿ ಶಿಕ್ಷಣ ಕುರಿತ ತನ್ನ ವರದಿಯನ್ನು ಪ್ರಕಟಿಸಿ, ಮಗುವಿನ ಕಲಿಕೆ ಮಾತೃಭಾಷೆಯಿಂದ ಆರಂಭವಾಗಬೇಕೆಂದು ವಾದಿಸಿತ್ತು. ಭಾರತದ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸುತ್ತದೆ. ಈ ಪರಂಪರೆಯನ್ನು ಬದಿಗಿರಿಸಿ, ಉದ್ಯೋಗದ ಮಾರುಕಟ್ಟೆಗೆ ಹೊಂದುವ ‘ಜಾಗತಿಕ ಸಾಮರ್ಥ್ಯ’ವನ್ನಷ್ಟೇ ತರಬೇತಿ ಎತ್ತಿಕೊಂಡರೆ ಅದನ್ನು ಅರ್ಧ ಓದು ಎನ್ನಬೇಕಾಗುತ್ತದೆ. ಉಳಿದರ್ಧದ ಬೆಲೆ ತೆರುವುದು ತರಗತಿ. ಕನ್ನಡವರಿಯದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ ಪ್ರಕರಣಗಳು ಕಾಸರಗೋಡಿನಲ್ಲಿ ಮತ್ತೆ ಮತ್ತೆ ಪ್ರತಿಭಟನೆಗೆ ಕಾರಣವಾಗಿವೆ. ಅಂಥ ತರಗತಿಯಲ್ಲಿ ಭಾಗಾಕಾರವನ್ನೇ ಹೇಳಿಕೊಡಲಾಗದ ಅಧ್ಯಾಪಕನಿಂದ ಜಗತ್ತಿನ ಯಾವ ದೃಷ್ಟಿ ಮಗುವಿಗೆ ದಾಟೀತು?

ಅಧ್ಯಾಪಕನೊಬ್ಬ ಗಡಿಯಲ್ಲಿ ನಿಂತು ಎರಡೂ ಕಡೆ ನೋಡಬಲ್ಲನೆಂಬುದಕ್ಕೆ ಪುರಾವೆ ದೂರದಲ್ಲಿಲ್ಲ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದವರು. ಅವರೇ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದರು. ತುಳುವಿನಲ್ಲಿಯೂ ಕವಿತೆ ಬರೆದರು. ರಾಜ್ಯದ ಗಡಿಯ ಬಗ್ಗೆ ತಕರಾರಿದ್ದವರಿಗೆ ನೆರೆಯ ಭಾಷೆಯ ಕಾವ್ಯದ ಬಗ್ಗೆ ತಕರಾರಿರಲಿಲ್ಲ. ಮಂಜೇಶ್ವರ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಬರೆದರು, ಜಪಾನಿನ ನೋ ನಾಟಕಗಳನ್ನು ಕನ್ನಡಿಸಿದರು. ಈ ಇಬ್ಬರ ಬರಹವನ್ನು ಕನ್ನಡ ಬೋಧನಾಶಾಸ್ತ್ರದ ಪತ್ರಿಕೆಯಲ್ಲಿ ಕವಿಪರಿಚಯದ ಎರಡು ಅಂಕಗಳಿಗೆ ಮಿತಿಗೊಳಿಸುವ ಬದಲು, ಬೇರೂರಿದ ನೆಲದಿಂದ ಲೋಕವನ್ನು ನೋಡುವ ವಿಧಾನವಾಗಿ ಓದಿಸಬಹುದಾಗಿದೆ.

ಪಠ್ಯಪುಸ್ತಕಗಳ ವಿಷಯವೂ ಹಾಗೆಯೇ. ಕನ್ನಡದಲ್ಲಿ ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವುದು ಕರ್ನಾಟಕವೊಂದೇ ಅಲ್ಲ. ಕೇರಳವೂ, ಬಾಲಭಾರತಿಯ ಮೂಲಕ ಮಹಾರಾಷ್ಟ್ರವೂ ಹಾಕುತ್ತವೆ. ಅಕ್ಕಲಕೋಟೆಯ ಮಗು ಕನ್ನಡದಲ್ಲಿ ಓದುವ ಇತಿಹಾಸ, ಗಡಿಯಾಚೆ ಇಂಡಿ ತಾಲೂಕಿನ ಮಗು ಕನ್ನಡದಲ್ಲಿಯೇ ಓದುವ ಇತಿಹಾಸವಲ್ಲ. ಭಾಷೆ ಒಂದೇ, ನಿಂತ ನೆಲ ಬೇರೆ. ಒಂದೇ ತರಗತಿಯ ಈ ಎರಡು ಪುಸ್ತಕಗಳನ್ನು ಪ್ರಶಿಕ್ಷಣಾರ್ಥಿಗಳ ಮುಂದಿಟ್ಟು, ಯಾವ ರಾಜ ಎಲ್ಲಿ ನಾಯಕ, ಎಲ್ಲಿ ಬರಿಯ ಹೆಸರು, ಯಾವ ನದಿ ಎಲ್ಲಿಂದ ಆರಂಭವಾಗುತ್ತದೆ ಎಂದು ಹೋಲಿಸಿ ನೋಡಲು ಹೇಳಿದರೆ, ಹ್ಯಾನ್‌ವಿ ದೃಷ್ಟಿಯ ಪ್ರಜ್ಞೆ ಎಂದದ್ದು ಎರಡು ಪುಸ್ತಕಗಳ ಬೆಲೆಗೆ ದಕ್ಕುತ್ತದೆ. ತೌಲನಿಕ ಅಧ್ಯಯನ ವಿಶ್ವವಿದ್ಯಾಲಯದ ಸಾಹಿತ್ಯ ವಿಭಾಗದ ಸೊತ್ತಾಗಿ ಉಳಿಯಬೇಕಾದ ಅಗತ್ಯವೇನೂ ಇಲ್ಲ.

ಈ ವಾದ ಗಡಿನಾಡ ಕನ್ನಡಿಗರ ಕಡೆಗೂ ತಿರುಗಲೇಬೇಕು. ಕಾಸರಗೋಡಿನ ಕನ್ನಡ ಶಾಲೆಗಳು ಮಾತೃಭಾಷೆಯ ಹೆಸರಿನಲ್ಲಿ ಹಕ್ಕು ಕೇಳುವಾಗ, ಅಲ್ಲಿಯ ಎಷ್ಟೋ ಮಕ್ಕಳ ಮನೆಮಾತು ಕನ್ನಡವಲ್ಲ. ತುಳು, ಬ್ಯಾರಿ, ಕೊಂಕಣಿ, ಮರಾಟಿ, ಕರಾಡ. ಕನ್ನಡ ಅವರಿಗೆ ಹಿರಿಯರು ಆರಿಸಿಕೊಂಡ ವಿದ್ಯೆಯ ಭಾಷೆ. ಆ ಆಯ್ಕೆಗೆ ಗೌರವವಿದೆ, ದೀರ್ಘ ಇತಿಹಾಸವಿದೆ, ಅದರ ರಕ್ಷಣೆಯ ಬೇಡಿಕೆ ನ್ಯಾಯವಾದದ್ದು. ಆದರೆ ಮಲಯಾಳ ಅಥವಾ ತಮಿಳನ್ನು ಕಡ್ಡಾಯಗೊಳಿಸಿದ ಕಾಯಿದೆಗಳ ಎದುರು (ತಮಿಳುನಾಡಿನಲ್ಲಿ 2006ರದ್ದು, ಕೇರಳದಲ್ಲಿ 2017ರದ್ದು) ತಾನು ಹೇಳುವ ಮಾತನ್ನು ತನ್ನದೇ ತರಗತಿಯ ಬ್ಯಾರಿ ಮಗುವಿನ ಪರವಾಗಿಯೂ ಹೇಳಲಾರದ ಕನ್ನಡ ಅಧ್ಯಾಪಕನಿಗೆ ಇಮ್ಮಡಿ ಪ್ರಜ್ಞೆಯ ಒಂದು ಮಗ್ಗುಲು ಮಾತ್ರ ತಿಳಿದಿದೆ. ಅನುಭವ ತಾನಾಗಿ ಅರಿವಾಗುವುದಿಲ್ಲ ಎಂಬ ಮೆರಿಫೀಲ್ಡರ ನಿಲುವು ಇಲ್ಲಿ ಸರಿಯಾಗಿ ಅನ್ವಯಿಸುತ್ತದೆ.

ಇದಕ್ಕೆಲ್ಲ ಹೊಸ ಪತ್ರಿಕೆಯನ್ನು ಸೇರಿಸಬೇಕಾಗಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯನ್ನು ಅನುಸರಿಸಿದ ಎರಡು ವರ್ಷದ ಬಿ.ಎಡ್. ಚೌಕಟ್ಟಿನಲ್ಲಿ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆ ಈಗಾಗಲೇ ಇದೆ. 20 ವಾರಗಳ ಶಾಲಾ ಅನುಭವವೂ ಇದೆ. ಆ ವಾರಗಳಲ್ಲಿ ಪಾಠವೀಕ್ಷಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವವರಿಗೆ ಆ ತರಗತಿಯ ಭಾಷೆ ಬರುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಬಾರದಿದ್ದರೆ ಅವರು ಅಂಕ ಹಾಕುವುದು ಕಪ್ಪುಹಲಗೆಯ ಅಕ್ಷರಕ್ಕೆ, ಚಾರ್ಟಿನ ಬಣ್ಣಕ್ಕೆ, ಧ್ವನಿಯ ಏರಿಳಿತಕ್ಕೆ. ಮೂರನೆಯ ಸಾಲಿನ ಹುಡುಗ ತುಳುವಿನಲ್ಲಿ ಕೇಳಿದ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ಕನ್ನಡದಲ್ಲಿ ಏನು ಉತ್ತರ ಕೊಟ್ಟಳು, ಅದು ಅವನಿಗೆ ತಲುಪಿತೇ ಎಂಬುದಕ್ಕೆ ಆ ಹಾಳೆಯಲ್ಲಿ ಅಂಕಣವಿರುವುದಿಲ್ಲ.