ಗಿಲಾವಿನ ಕೆಳಗಿನ ವೈರು

ನಿಡೋಣಿಯಲ್ಲಿ ಈಗ ಹೊಸ ಮನೆ ಕಟ್ಟಿಸುವವರು ಪಡಸಾಲೆಯ ಒಂದು ಗೋಡೆಯನ್ನು ಟಿವಿಗೆಂದೇ ಬಿಡುತ್ತಾರೆ. ಆ ಗೋಡೆಯ ವಿಷಯದಲ್ಲಿ ಮನೆ ಯಜಮಾನ, ಗೌಂಡಿ, ವೈರಿಂಗ್ ಮಾಡುವವ ಎಲ್ಲರದೂ ಒಂದೇ ಮಾತು: "ಒಂದ ವೈರ್ ಸೈತ ಕಾಣಬಾರದ್ರಿ." ಬಬಲೇಶ್ವರದಲ್ಲೂ ತಿಕೋಟಾದಲ್ಲೂ ಇದೇ ಮಾತು. ವಿಜಯಪುರದ ಹೊಸ ಬಡಾವಣೆಗಳಲ್ಲಂತೂ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ವೈರು ಕಾಣದಿದ್ದರೆ ಮನೆ ಅಚ್ಚುಕಟ್ಟು, ಕಂಡರೆ ಅರ್ಧಂಬರ್ಧ ಕೆಲಸ. ನಾನು ಇದನ್ನು ಒಪ್ಪುವುದಿಲ್ಲ. ಗೋಡೆಯಲ್ಲಿ ಹೂತ ವೈರು ಅಚ್ಚುಕಟ್ಟಾದ ವೈರಲ್ಲ, ಕೈಗೆ ಸಿಗದ ವೈರು.

ನಮ್ಮ ಅಣ್ಣನ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಒಣದ್ರಾಕ್ಷಿಗೆ ಒಳ್ಳೆಯ ದರ ಬಂದ ವರ್ಷ ಅವನು ದೊಡ್ಡ ಟಿವಿ, ಐದು ಸ್ಪೀಕರು, ಒಂದು ಬಾಸಿನ ಡಬ್ಬಿ ತಂದ. ಎಲ್ಲ ವೈರೂ ಗೋಡೆಯೊಳಗೆ ಹೋದವು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಚಿತ್ರ ಒಮ್ಮೆಲೇ ಕಪ್ಪಾಗುವುದು, ಬರುವುದು, ಮತ್ತೆ ಹೋಗುವುದು ಶುರುವಾಯಿತು. ರಿಪೇರಿಯವರು ಬಂದು ಬೇರೊಂದು ಎಚ್‌ಡಿಎಂಐ ಕೇಬಲನ್ನು ಹೊರಗಿನಿಂದಲೇ ಜೋಡಿಸಿದರು. ಚಿತ್ರ ಸ್ವಚ್ಛವಾಗಿ ಬಂತು. "ಟಿವಿ ಛಲೋ ಐತ್ರಿ. ಗೋಡ್ಯಾಗಿನ ವೈರ್ ಹೋಗೇತಿ. ಒಡೀಬೇಕಾಗತೈತಿ," ಎಂದರು. ಬಾಗಿಲಲ್ಲಿ ನಿಂತಿದ್ದ ವೈನಿ ಕೇಳಿದ್ದು ಒಂದೇ ಪ್ರಶ್ನೆ: "ಒಡದ್ರ ಬಣ್ಣ ಹೊಂದತೈತೇನ್ರಿ?"

ಹೊಂದಲಿಲ್ಲ. ಕಟರ್ ಮಷಿನ್ನಿನ ಧೂಳು ದೇವರ ಜಗಲಿಯವರೆಗೆ ಹೋಗಿತ್ತು. ಹೊರತೆಗೆದ ಕೇಬಲನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಪೈಪು ಇರಲೇ ಇಲ್ಲ. ಗೋಡೆ ಕೊರೆದು, ಕೇಬಲನ್ನು ಹಾಗೇ ಇಟ್ಟು, ಮೇಲೆ ಸಿಮೆಂಟು ಮೆತ್ತಿದ್ದರು. ಬಾಕ್ಸಿನ ಹತ್ತಿರ ಎರಡು ಬೆರಳಗಲದ ಜಾಗದಲ್ಲಿ ಅದನ್ನು ವೀಳ್ಯದೆಲೆ ಮಡಚಿದ ಹಾಗೆ ಮಡಚಿದ್ದರು. ಆ ಮಡಿಕೆಯಲ್ಲಿ ಮೇಲಿನ ಕಪ್ಪು ಸಿಪ್ಪೆ ಸೀಳಿ, ಒಳಗಿನ ಜಾಳಿಗೆ ಹಸಿರುಗಟ್ಟಿತ್ತು. ಎಚ್‌ಡಿಎಂಐ ತಲೆಯೊಳಗೆ 19 ಪಿನ್ನುಗಳಿವೆ, ಒಳಗಿನ ಎಳೆಗಳು ಕೂದಲಿನಷ್ಟು ನಾಜೂಕು. ಮಡಚಿದ್ದು ಕೆಟ್ಟ ಕೆಲಸ, ನಿಜ. ಆದರೆ ಅದೇ ಮಡಿಕೆ ಗೋಡೆಯ ಹೊರಗಿದ್ದಿದ್ದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಗಿಲಾವು ಆ ತಪ್ಪನ್ನೂ ಮುಚ್ಚಿತು.

ಕಾಣಬಾರದು ಎನ್ನುವವರು ಮರೆಯುವ ಸಂಗತಿ ಇನ್ನೊಂದಿದೆ. ಗೋಡೆಯ ಆಯುಷ್ಯ ಬೇರೆ, ವೈರಿನ ಆಯುಷ್ಯ ಬೇರೆ. ದೂರದರ್ಶನದ ಕಾಲದಲ್ಲಿ ಮಾಳಿಗೆಯ ಮೇಲಿನ ಅಂಟೆನಾದಿಂದ ಚಪ್ಪಟೆ ರಿಬ್ಬನ್ ವೈರು ಇಳಿಯುತ್ತಿತ್ತು. ಆಮೇಲೆ ಕೇಬಲ್ ಟಿವಿಯ ದುಂಡು ವೈರು ಬಂತು. ಡಿವಿಡಿ ಪ್ಲೇಯರಿನ ಜೊತೆ ಹಳದಿ, ಕೆಂಪು, ಬಿಳಿ ತಲೆಗಳ ಮೂರು ವೈರು ಬಂದವು. ಎಚ್‌ಡಿಎಂಐ ಹೊರಬಂದದ್ದು 2002ರಲ್ಲಿ. 2013ರ ಆವೃತ್ತಿ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತಿತ್ತು, 2017ರದು 48. ಆಕಾರ ಅದೇ, ತಲೆ ಅದೇ, ಆದರೆ ಹಳೆಯ ಕೇಬಲ್ ಹೊಸ ಭಾರ ಹೊರುವುದಿಲ್ಲ. ಐವತ್ತು ವರ್ಷ ನಿಲ್ಲಬೇಕಾದ ಗೋಡೆಯೊಳಗೆ ಹತ್ತು ವರ್ಷವೂ ನಡೆಯದ ವಸ್ತುವನ್ನು ಸಿಮೆಂಟು ಹಾಕಿ ಹೂಳುವುದು ಯಾವ ಲೆಕ್ಕ?

ನಮ್ಮ ಜಿಲ್ಲೆಗೆ ಟಿವಿ ಬಂದ ರೀತಿಯನ್ನೂ ನೆನೆಯಬೇಕು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಿಂದ ಆರಿಸಿದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್, ಅದರಿಂದ ಸೆಟ್ಟಿಗೆ ಬಂದ ವೈರು, ಎಲ್ಲವೂ ಊರವರ ಕಣ್ಣೆದುರಿಗೇ. ಚೆಂದಕ್ಕೆ ಯಾರೂ ಅದನ್ನು ಮಾಡಿರಲಿಲ್ಲ. ದೂರದ ಹಳ್ಳಿಯಲ್ಲಿ ಕೆಟ್ಟದ್ದನ್ನು ಅಲ್ಲೇ ಹುಡುಕಿ ಸರಿಮಾಡಬೇಕಾದರೆ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕಾಣಬೇಕು.

ನಮ್ಮ ನೆಲಕ್ಕೂ ಈ ಹೂಳುವ ಕೆಲಸಕ್ಕೂ ಹೊಂದಿಕೆಯಿಲ್ಲ. ಡೋಣಿ ಸೀಮೆಯ ಯರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಗಟ್ಟಿಯಿಲ್ಲದ ಮನೆಯ ಗೋಡೆಯೂ ಅದರ ಜೊತೆಗೆ ಸೀಳುತ್ತದೆ. ವೈರಿಗಾಗಿ ಕೊರೆದ ಗೆರೆ ಗೋಡೆಯ ಬಲಹೀನ ಜಾಗ, ಬಿರುಕು ಅಲ್ಲೇ ಬಾಯಿ ಬಿಡುತ್ತದೆ. ಜೋಳದ ಚೀಲವಿರುವ ಮನೆಯಲ್ಲಿ ಇಲಿಯೂ ಇರುತ್ತದೆ. ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಮೊಳೆ. ತೀರಿಕೊಂಡ ಹಿರಿಯರ ಫೋಟೋ ಹಾಕಲು ಮನೆಯವರು ಕಣ್ಣಳತೆಯಲ್ಲಿ ಒಂದು ಜಾಗ ಹಿಡಿದು ಮೊಳೆ ಬಡಿಯುತ್ತಾರೆ. ಪೈಪು ಉಳಿಸಲು ಯಾರೋ ಓರೆಯಾಗಿ ಎಳೆದ ಕರೆಂಟಿನ ವೈರು ಅದರ ಕೆಳಗಿರಬಹುದು. ವೈರು ಬಾಕ್ಸಿನಿಂದ ನೆಟ್ಟಗೆ ಮೇಲಕ್ಕೆ, ಇಲ್ಲವೇ ನೆಟ್ಟಗೆ ಪಕ್ಕಕ್ಕೆ ಹೋಗಬೇಕು ಎಂಬ ಕ್ರಮ ಇರುವುದೇ ಮುಂದೆ ಮೊಳೆ ಬಡಿಯುವವನ ಜೀವಕ್ಕಾಗಿ.

ಹಾಗಾದರೆ ಎಲ್ಲ ವೈರನ್ನೂ ನೆಲದ ಮೇಲೆ ಬಿಡಬೇಕೇ ಎಂದರೆ, ಖಂಡಿತ ಇಲ್ಲ. ದಿನಾ ಕಸ ಹೊಡೆಯುವವರು ವೈನಿ. ಟಿವಿಯ ಕೆಳಗೆ ಹಾವಿನ ಹಾಗೆ ಸುತ್ತಿ ಬಿದ್ದ ವೈರುಗಳ ನಡುವೆ ಕಸಬರಿಗೆ ಆಡುವುದಿಲ್ಲ, ಅಂಬೆಗಾಲಿಡುವ ಕೂಸು ಅದನ್ನೇ ಎಳೆಯುತ್ತದೆ. ಅವರ ದೂರು ನೂರಕ್ಕೆ ನೂರು ಸರಿ. ನನ್ನ ತಕರಾರು ಮುಚ್ಚುವುದರ ಮೇಲಲ್ಲ, ತೆರೆಯಲಾಗದಂತೆ ಮುಚ್ಚುವುದರ ಮೇಲೆ.

ಮುಚ್ಚಿಯೂ ತೆರೆದಿಡುವ ಕೆಲಸವನ್ನು ನಮ್ಮ ವಿಜಯಪುರ ನಾನೂರು ವರ್ಷಗಳ ಹಿಂದೆಯೇ ಮಾಡಿ ತೋರಿಸಿದೆ. ಆದಿಲಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ ಊರಿಗೆ ನೀರು ಬಂದದ್ದು ನೆಲದೊಳಗಿನ ಸುರಂಗದಲ್ಲಿ. ಮೇಲೆ ನಡೆಯುವವನಿಗೆ ನೀರು ಕಾಣದು. ಆದರೆ ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಗಾಳಿ, ಬೆಳಕು ಇಳಿಯಲು, ಆಳು ಇಳಿದು ಹೂಳು ತೆಗೆಯಲು. 1651ರಲ್ಲಿ ಮುಹಮ್ಮದ್ ಆದಿಲಶಾಹ ಬೇಗಂ ತಲಾಬ್ ಕಟ್ಟಿಸಿದಾಗ ನೀರು ಮಣ್ಣಿನ ಕೊಳವೆಗಳಲ್ಲಿ ಬಂತು, ದಾರಿಯಲ್ಲಿ ಗಂಜ್ ಎಂಬ ಗೋಪುರಗಳು ಎದ್ದವು. ಒತ್ತಡ ತಗ್ಗುವುದೂ ಕೆಸರು ಕೂರುವುದೂ ಅಲ್ಲೇ. ಕೊಳವೆ ಹೂತವರು ಅದು ಒಂದು ದಿನ ಕಟ್ಟಿಕೊಳ್ಳುತ್ತದೆ ಎಂದು ಮೊದಲೇ ತಿಳಿದಿದ್ದರು. ನಮ್ಮ ಟಿವಿ ಗೋಡೆಗೆ ಆ ತಿಳಿವಳಿಕೆಯೇ ಇಲ್ಲ.

ಈಗ ಅಣ್ಣನ ಗೋಡೆಯ ಮೇಲೆ ಎರಡು ಬಿಳಿ ಕೇಸಿಂಗ್ ಪಟ್ಟಿಗಳಿವೆ. ಒಂದರಲ್ಲಿ ಕರೆಂಟು, ಗೇಣುದ್ದ ಆಚೆ ಇನ್ನೊಂದರಲ್ಲಿ ಚಿತ್ರ ಮತ್ತು ಧ್ವನಿಯ ವೈರುಗಳು. ಮೊದಲು ಎಲ್ಲವೂ ಒಂದೇ ಗೆರೆಯಲ್ಲಿದ್ದಾಗ ಬಾಸಿನ ಡಬ್ಬಿಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಬೇರೆ ಮಾಡಿದ ಮೇಲೆ ನಿಂತಿತು. ಪಟ್ಟಿಯ ಮುಚ್ಚಳ ಉಗುರಿನಿಂದ ತೆರೆಯುತ್ತದೆ. ಎರಡೂ ತುದಿಗೆ ಒಂದೊಂದು ಸುತ್ತು ವೈರು ಹೆಚ್ಚಿಗೆ ಬಿಟ್ಟು, ಯಾವುದು ಎಲ್ಲಿಗೆ ಎಂದು ಚೀಟಿ ಅಂಟಿಸಿದ್ದೇವೆ. ಕಟ್ಟಲು ಕತ್ತು ಹಿಸುಕುವ ನೈಲಾನ್ ಪಟ್ಟಿ ಬೇಡವೆಂದು ಬಿಚ್ಚಿ ಕಟ್ಟಬಹುದಾದ ವೆಲ್ಕ್ರೊ ಬಳಸಿದೆವು. ಸೆಟ್‌ಟಾಪ್ ಬಾಕ್ಸು, ಆಂಪ್ಲಿಫೈಯರು ಬಾಗಿಲಿಲ್ಲದ ಮಾಡದಲ್ಲಿವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಅವನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಬೆಂದುಹೋಗುತ್ತವೆ.

ಬಂದವರು ಕೇಳುತ್ತಾರೆ, "ಯಾಕೋ ತಮ್ಮಾ, ಪಟ್ಟಿ ಕಾಣತಾವಲ್ಲೋ?" ಕಾಣಲಿ. ವೈರು ಕಂಡರೆ ಬಡವರ ಮನೆಯ ಹಾಗೆ ಎಂಬ ಮಾತು ಇದರ ಬುಡದಲ್ಲಿದೆ, ಅದು ನನಗೆ ನೋವು ತರುತ್ತದೆ. ನಾವು ಓದಿ ಬೆಳೆದದ್ದು ಸಾಗವಾನಿ ಪಟ್ಟಿಗೆ ತಗಡಿನ ಕ್ಲಿಪ್ಪು ಬಡಿದ ವೈರಿನ ಬಲ್ಬಿನ ಕೆಳಗೇ. ಆ ವೈರಿನ ಒಂದೊಂದು ಬಾಗೂ ಅಪ್ಪನಿಗೆ ಗೊತ್ತಿತ್ತು.

ನಮ್ಮ ಓಣಿಯಲ್ಲಿ ಈಗ ಮತ್ತೊಂದು ಮನೆ ಏಳುತ್ತಿದೆ. ಗೋಡೆಯೊಳಗೇ ಬೇಕೆಂಬುದು ಅವರ ಹಟ. ಆಗಲಿ ಎಂದೆ. ಅಗಲವಾದ ಪೈಪು ಹಾಕಿ, ತಿರುವಿನಲ್ಲಿ ಮೂಲೆ ಮುರಿಯದೆ ದೊಡ್ಡದಾಗಿ ಬಾಗಿಸಿ, ಕೇಬಲಿನ ತಲೆ ನುಗ್ಗುವುದನ್ನು ಈಗಲೇ ನೋಡಿ, ಒಳಗೆ ಒಂದು ನೈಲಾನ್ ದಾರ ಬಿಡಿ, ಎರಡೂ ತುದಿಗೆ ತೆರೆಯುವ ಬಾಕ್ಸಿರಲಿ. ನಿನ್ನೆ ಸಂಜೆ ಗೌಂಡಿ ಗಿಲಾವು ಕಲಸುವ ಮೊದಲು ಆ ಮನೆಯ ಹುಡುಗ ಗೋಡೆಗೆ ಅಳತೆ ಟೇಪು ಹಿಡಿದ. ಅವನ ಅಕ್ಕ ಮೊಬೈಲಿನಲ್ಲಿ ಒಂದೊಂದೇ ಪೈಪಿನ ಫೋಟೋ ತೆಗೆಯುತ್ತಿದ್ದಳು.